ಕಾಫಿ ಫಿಲ್ಟರಿನಲ್ಲಿ ಮೈಕು ಕಟ್ಟಿದವರು

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಐವತ್ತೈದು ವರ್ಷ ಬಿಸಿ ತಂತಿ, ಕರಗಿದ ಸೀಸ, ರಾಳದ ಹೊಗೆ ತಿಂದು ಆ ಎರಡು ಬೆರಳು ಹುಣಸೆಬೀಜದ ಹಾಗೆ ನುಣ್ಣಗೆ, ಕಂದಾಗಿ ಹೊಳೆಯುತ್ತಿದ್ದವು. ರೇಷನ್ ಅಂಗಡಿಗೆ ಬೆರಳಿಡುವ ಯಂತ್ರ ಬಂದ ಹೊಸದರಲ್ಲಿ ನಾನು ಸಾಲಿನಲ್ಲಿ ಅವರ ಹಿಂದೆಯೇ ನಿಂತಿದ್ದೆ. ಅಂಗಡಿಯ ಹೆಂಗಸು ಈ ಬೆರಳಿಡಿ, ಆ ಬೆರಳಿಡಿ, ಒರೆಸಿಕೊಂಡು ಇಡಿ ಎಂದು ಹತ್ತು ನಿಮಿಷ ಕಾಡಿದಳು. ಯಂತ್ರ ಒಪ್ಪಲಿಲ್ಲ. ಇವರು ನನ್ನ ಕಡೆ ತಿರುಗಿದರು.

“ನೋಡಿ ಮಾಮಿ, ಈ ಮಿಷಿನ್ ಪ್ರಕಾರ ನಾನು ಇನ್ನೂ ಹುಟ್ಟಿಯೇ ಇಲ್ಲ. ಮತ್ತೆ ಸಾಯುವ ಪ್ರಶ್ನೆ ಎಲ್ಲುಂಟು?”

ಕಡೆಗೆ ಎಡಗೈ ಕಿರುಬೆರಳು ಅವರನ್ನು ಹುಟ್ಟಿಸಿತು. ಸಕ್ಕರೆ ಸಿಕ್ಕಿತು.

ಮದರಾಸಿನ ವೆಸ್ಟ್ ಮಾಂಬಲಮ್ಮಿನಲ್ಲಿ ನಮ್ಮ ಫ್ಲ್ಯಾಟಿನ ಕೆಳಗೇ ಅವರ ರೇಡಿಯೋ ರಿಪೇರಿ ಅಂಗಡಿ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟು ಅಗಲ. ಇಡೀ ಬೀದಿಗೆ ಅವರು ರೇಡಿಯೋ ಮಾಮ. ಇಡೀ ಬೀದಿಗೆ ನಾನು ಮಾಮಿ. ಹೊಸದಾಗಿ ಬಾಡಿಗೆಗೆ ಬಂದವರು ನಮ್ಮಿಬ್ಬರನ್ನು ಗಂಡ ಹೆಂಡತಿ ಎಂದುಕೊಂಡು, “ಮಾಮಿ, ಮಾಮಾ ಊಟಕ್ಕೆ ಹೋಗಿದ್ದಾರಾ? ನಮ್ಮ ರೇಡಿಯೋ ಆಯ್ತಾ?” ಎಂದು ನನ್ನನ್ನು ಕೇಳುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ. ಮೇಲೆ ಬಂದು ನಮ್ಮ ಯಜಮಾನರಿಗೆ ವರದಿ ಒಪ್ಪಿಸುತ್ತಿದ್ದೆ. ಅವರು ಪೇಪರಿನಿಂದ ತಲೆಯೆತ್ತದೆ, “ಹಾಗಾದ್ರೆ ಕಾಫಿನೂ ಅಲ್ಲೇ ಕುಡಿ ಹೋಗೇ” ಎನ್ನುತ್ತಿದ್ದರು.

ರೇಡಿಯೋ ಮಾಮ ಕುಂದಾಪುರದ ಕಡೆಯವರು. ಹನ್ನೆರಡನೆಯ ವಯಸ್ಸಿಗೆ ಸೋದರಮಾವನ ಹೋಟೆಲಿಗೆಂದು ಮದರಾಸಿಗೆ ಬಂದು, ತಟ್ಟೆ ಎತ್ತುವುದಕ್ಕಿಂತ ಗಲ್ಲಾಪೆಟ್ಟಿಗೆಯ ಮೇಲಿನ ರೇಡಿಯೋ ಬಿಚ್ಚುವುದರಲ್ಲೇ ಹೆಚ್ಚು ಬೈಸಿಕೊಂಡವರು. ಕೆಟ್ಟ ರೇಡಿಯೋ ತಂದಿಟ್ಟರೆ ಮೊದಲು ಹಿಂಬದಿಯ ರಟ್ಟು ತೆಗೆದು ಮೂಗು ಒಳಗೆ ತೂರಿಸುತ್ತಿದ್ದರು. ಕಣ್ಣು ಮುಚ್ಚಿ ದೀರ್ಘವಾಗಿ ಒಮ್ಮೆ ಮೂಸಿ, “ಟ್ರಾನ್ಸ್‌ಫಾರ್ಮರ್ ಹೋಯ್ತು” ಎಂದೋ, “ಜಿರಳೆ ಸಂಸಾರ ಉಂಟು” ಎಂದೋ ಹೇಳಿಬಿಡುತ್ತಿದ್ದರು. “ಮೂಗು ಮೊದಲು, ಮೀಟರ್ ಆಮೇಲೆ” ಎಂಬುದು ಅವರ ಶಾಸ್ತ್ರ. ನಾನು ಒಮ್ಮೆ ನೆಗಡಿಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆ. “ರಜೆ” ಎಂದರು.

ಅವರಿಗೂ ನನಗೂ ಗುರು ಶಿಷ್ಯ ಸಂಬಂಧ ಬೆಳೆದದ್ದು ನನ್ನ ಸಿಟ್ಟಿನಿಂದ. ನಮ್ಮ ಭಜನಾ ಮಂಡಳಿಯ ಹೆಂಗಸರೆಲ್ಲ ಸೇರಿ ಹಾಡುಗಳನ್ನು ರೆಕಾರ್ಡ್ ಮಾಡಿಸಿ ಇಡೋಣವೆಂದು ಕೋಡಂಬಾಕ್ಕಂನ ಒಂದು ಸ್ಟುಡಿಯೋಗೆ ಹೋಗಿದ್ದೆವು. ಅಲ್ಲಿನ ಸೌಂಡ್ ಎಂಜಿನಿಯರ್ ಒಳ್ಳೆಯ ಹುಡುಗನೇ. ಆದರೆ ನಾನು ಒಂದು ಸಾಲು ಹಾಡುತ್ತಿದ್ದಂತೆ ಕಿವಿಯಿಂದ ಹೆಡ್‌ಫೋನು ಸರಿಸಿ, “ಪಾಟಿ, ಉಂಗ ವಾಯ್ಸ್ ಕೊಂಜಂ ಶಾರ್ಪ್” ಎಂದು, ಅಜ್ಜಿಯ ದನಿ ಸ್ವಲ್ಪ ಚೂಪು ಅಂತ, ನನ್ನನ್ನು ಎಲ್ಲರ ಹಿಂದೆ ಗೋಡೆಯ ಹತ್ತಿರ ನಿಲ್ಲಿಸಿದ. ಅವನು ಕೇಳಿಸಿದ್ದರಲ್ಲಿ ನನ್ನ ಗಂಟಲು ತಟ್ಟೆಯ ಮೇಲೆ ಚಮಚ ಗೀರಿದ ಹಾಗೆ ಇತ್ತು. ನಾನು ಮನೆಗೆ ಹೋಗದೆ ನೇರವಾಗಿ ರೇಡಿಯೋ ಅಂಗಡಿಯ ಮುಂದೆ ಬಂದು ನಿಂತು ಎಲ್ಲವನ್ನೂ ಒದರಿದೆ.

ಅವರು ಸಮಾಧಾನ ಹೇಳಲಿಲ್ಲ. “ಹಾಡಿ ನೋಡುವ” ಎಂದರು. ಬೀದಿಯಲ್ಲೇ ಹಾಡಿದೆ. ಕಣ್ಣು ಮುಚ್ಚಿ ಕೇಳಿದರು.

“ಗಂಟಲು ಸಮ ಉಂಟು ಮಾಮಿ. ತಪ್ಪು ಮೈಕಿನದ್ದು. ಈಗಿನ ಅಗ್ಗದ ಮೈಕುಗಳು ಧ್ವನಿಯನ್ನು ಹೆಚ್ಚುತ್ತವೆ, ತರಕಾರಿ ಹೆಚ್ಚಿದ ಹಾಗೆ. ವಾಲ್ವಿನ ಮೈಕು ಹಾಗಲ್ಲ. ಅದು ಧ್ವನಿಯನ್ನು ತೊಟ್ಟಿಲಲ್ಲಿಟ್ಟು ತರುತ್ತದೆ.”

ವಾಲ್ವು ಎಂದರೆ ಹಳೆಯ ರೇಡಿಯೋಗಳೊಳಗೆ ಕೆಂಪಗೆ ಉರಿಯುತ್ತಿದ್ದ ಗಾಜಿನ ಬುರುಡೆ. ಅವತ್ತು ಮೊದಲ ಬಾರಿಗೆ ಅವರು ತಮ್ಮ ಹಳೆಯ ಆಸೆ ಹೇಳಿಕೊಂಡರು. ಹೋಟೆಲು ಬಿಟ್ಟ ಮೇಲೆ ಕೆಲವು ವರ್ಷ ಸಿನಿಮಾ ಹಾಡು ರೆಕಾರ್ಡ್ ಮಾಡುವ ಒಂದು ಥಿಯೇಟರಿನಲ್ಲಿ ಅವರಿಗೆ ಕೆಲಸವಿತ್ತು. ಪರದೇಶದ ವಾಲ್ವ್ ಮೈಕನ್ನು ಮಖಮಲ್ ಪೆಟ್ಟಿಗೆಯಲ್ಲಿ ಬೀರುವಿನಿಂದ ತರುವುದು, ಕೆಲಸ ಮುಗಿದ ಮೇಲೆ ಒಳಗಿಡುವುದು. ಬಿಚ್ಚಿ ನೋಡಬೇಕೆಂದು ಒಮ್ಮೆ ಸ್ಕ್ರೂ ಮೇಲೆ ಉಗುರಿಟ್ಟದ್ದಕ್ಕೆ ದೊಡ್ಡ ಎಂಜಿನಿಯರ್ ಎಲ್ಲರೆದುರು ಕೆನ್ನೆಗೆ ಹೊಡೆದಿದ್ದರಂತೆ. ಅಲ್ಲಿಂದ ಬಿಟ್ಟು ಬಂದು ಅಂಗಡಿ ಹಾಕಿದರು.

“ಐವತ್ತೈದು ವರ್ಷ ಬೇರೆಯವರು ಮಾಡಿದ್ದನ್ನು ಸರಿಮಾಡಿದೆ ಮಾಮಿ. ನಾನು ಮಾಡಿದ್ದು ಅಂತ ಒಂದಿಲ್ಲ. ಆ ಮೈಕು ಒಂದು ನಾನೇ ಕಟ್ಟಬೇಕಿತ್ತು. ಈಗ ನೋಡಿ ಇದನ್ನು.”

ಬಲಗೈ ಚಾಚಿದರು. ಗಾಳಿಗೆ ಸಿಕ್ಕ ಅರಳಿ ಎಲೆಯ ಹಾಗೆ ಅದು ನಡುಗುತ್ತಿತ್ತು. ನಾನು ಅಷ್ಟು ವರ್ಷ ದಿನಾ ನೋಡುತ್ತಿದ್ದರೂ ಗಮನಿಸಿರಲಿಲ್ಲ. ಬಂದ ರೇಡಿಯೋಗಳನ್ನು ಅವರು ಇತ್ತೀಚೆಗೆ ಏಕೆ ವಾಪಸು ಕಳಿಸುತ್ತಿದ್ದರೆಂದು ಆಗ ಹೊಳೆಯಿತು.

ಮುಂದಿನ ಭಾನುವಾರವೇ ಮದರಾಸಿನ ಉತ್ತರದಂಚಿನ ಮಣಲಿಯಿಂದ ಅವರ ಮಗಳು ಬಂದಳು. ಅಲ್ಲಿ ಅವಳ ಗಂಡನಿಗೆ ಕಾರ್ಖಾನೆಯಲ್ಲಿ ಕೆಲಸ. “ಅಪ್ಪಾ, ಪೋದುಂ, ಸಾಕು. ಕೈ ನಡುಗ್ತದೆ, ಕರೆಂಟಿನ ಹತ್ರ ಆಟ ಬೇಡ. ಅಂಗಡಿ ಬಿಟ್ಟು ಮಣಲಿಗೆ ಬಾ” ಎಂದು ಅವಳು ಹಟ ಹಿಡಿದಳು. ಇವರು “ದೀಪಾವಳಿವರೆಗೆ ಬಿಡು ಮಗಾ, ದೀಪಾವಳಿಗೆ ನಾನೇ ಬೀಗ ಹಾಕ್ತೇನೆ” ಎಂದು ಒಪ್ಪಿಸಿದರು. ಆಗ ಆಷಾಢ. ಅವಳು ಆಟೋ ಹತ್ತಿದ ಮೇಲೆ ನನ್ನ ಮುಖ ನೋಡಿದರು. ನಾನು ನನ್ನ ಕೈ ಚಾಚಿ ತೋರಿಸಿದೆ. ನಡುಗುತ್ತಿರಲಿಲ್ಲ.

“ಬುದ್ಧಿ ನಿಮ್ಮದು, ಕೈ ನಂದು. ಬೈದ್ರೆ ಮಾತ್ರ ಎದ್ದು ಹೋಗ್ತೀನಿ” ಎಂದೆ.

“ಬೈಯದೆ ಕಲಿಸೂಕೆ ನನಗೆ ಬರುದಿಲ್ಲ” ಎಂದರು. ಸರಿ, ಹೇಗೋ ಆಗಲಿ ಎಂದು ಶುರುಮಾಡಿದೆವು.

ದಿನಾ ಊಟವಾದ ಮೇಲೆ ಎರಡರಿಂದ ನಾಲ್ಕು ನಮ್ಮ ಪಾಠ. ಮೊದಲ ಹದಿನೈದು ದಿನ ಸತ್ತ ಟ್ರಾನ್ಸಿಸ್ಟರುಗಳ ಮೇಲೆ ಬೆಸುಗೆ ಹಾಕುವ ಅಭ್ಯಾಸ. ನಾನು ಸಾಲ್ಡರ್ ತಂತಿಯನ್ನೇ ಕಾಯಿಸಿ ಹನಿ ಬೀಳಿಸುತ್ತಿದ್ದೆ. ಅವು ಉದುರಿ ಹೋಗುತ್ತಿದ್ದವು.

“ಎಣ್ಣೆ ಕಾಯುವ ಮೊದಲೇ ಸಾಸಿವೆ ಹಾಕ್ತೀರಾ ನೀವು ಮನೆಯಲ್ಲಿ?”

“ಇಲ್ಲ.”

“ಮತ್ತೆ ಇಲ್ಲಿ ಎಂತಕ್ಕೆ? ಜಾಗ ಕಾಯಬೇಕು ಮೊದಲು. ಕಾದ ಮೇಲೆ ತಂತಿ ತೋರಿಸಿ, ಅದೇ ಕರಗಿ ಹರಿಯುತ್ತದೆ. ಮಿನುಗಿದರೆ ನಿಜ, ಮಂಕಾದರೆ ಸುಳ್ಳು.”

ಇದನ್ನು ಮೊದಲೇ ಒಗ್ಗರಣೆ ಎಂದು ಹೇಳಿದ್ದರೆ ಹದಿನೈದು ದಿನ ಉಳಿಯುತ್ತಿತ್ತು ಎಂದು ನಾನು ವಾದ ಮಾಡಿದೆ.

ಶೋಳಿಂಗನಲ್ಲೂರಿನಲ್ಲಿ ಕೆಲಸ ಮಾಡುವ ನನ್ನ ಮೊಮ್ಮಗಳು, ನನಗೆ ಫೋನಿನಲ್ಲಿ ಕನ್ನಡ ಟೈಪಿಂಗ್ ಕಲಿಸಿದವಳು, ಮೈಕಿನ ಮುಂಭಾಗದ ಬಿಲ್ಲೆಯನ್ನು ಆನ್‌ಲೈನಿನಲ್ಲಿ ತರಿಸಿಕೊಟ್ಟಳು. “ಅಜ್ಜಿ, ನೀಂಗ ಸೀರಿಯಸ್ಸಾ?” ಎಂದು ಮೂರು ಸಲ ಕೇಳಿದ ಮೇಲೆ. ಆ ಬಿಲ್ಲೆಯ ಮೇಲೆ ಈರುಳ್ಳಿಯ ಒಳಪೊರೆಗಿಂತ ತೆಳುವಾದ ಹಾಳೆ, ಅದಕ್ಕೆ ಬಂಗಾರದ ಲೇಪ. ಧ್ವನಿ ತಾಗಿದರೆ ಅದು ಅದುರುತ್ತದೆ. ಆ ಅದುರು ಇರುವೆಯ ಉಸಿರಿನಷ್ಟು. ಅದನ್ನು ವಾಲ್ವು ಎತ್ತಿ ದೊಡ್ಡದು ಮಾಡುತ್ತದೆ. ವಾಲ್ವು ರೇಡಿಯೋ ಮಾಮನ ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿಯೊಳಗೆ ಮಲಗಿತ್ತು. ಅವರ ಹತ್ತಿರ ಆ ಜಾತಿಯದು ಒಂದೇ ಒಂದು ಉಳಿದಿತ್ತು. ಮಿಕ್ಕ ಬಿಡಿಭಾಗಗಳಿಗೆ ರಿಚಿ ಸ್ಟ್ರೀಟಿಗೆ ನಾನೇ ಹೋದೆ. ಅಂಗಡಿಯವನು “ಯಾತಕ್ಕೆ ಮಾಮಿ?” ಎಂದಾಗ “ಸಾಂಬಾರಿಗೆ” ಎಂದೆ.

ಮೈಕಿಗೆ ಒಡಲು ಬೇಕಿತ್ತು, ಅದು ಲೋಹದ್ದೇ ಆಗಬೇಕಿತ್ತು. ನನ್ನ ಮದುವೆಯಲ್ಲಿ ಕೊಟ್ಟ ಹಿತ್ತಾಳೆಯ ಕಾಫಿ ಫಿಲ್ಟರು ತಂದು ಅವರ ಮೇಜಿನ ಮೇಲಿಟ್ಟೆ. ಅಳತೆ ಮಾಡಿಸಿದ ಹಾಗಿತ್ತು. ಮೂತಿಗೆ ಎರಡು ಟೀ ಸೋಸುವ ಜಾಲರಿಗಳನ್ನು ಬಾಯಿಗೆ ಬಾಯಿ ಕೂಡಿಸಿದೆವು. ಮರುದಿನ ಸ್ಟೀಲ್ ಫಿಲ್ಟರಿನ ಕಾಫಿ ಕುಡಿದ ಯಜಮಾನರು ಲೋಟ ಕೆಳಗಿಟ್ಟು, “ನಿನ್ನ ಮಾಮ ನನ್ನ ಡಿಗ್ರೀ ಕಾಫಿಗೂ ಕೈ ಹಾಕಿದ್ನಾ?” ಎಂದರು. ಆ ಒಂದು ದೂರು ಇವತ್ತಿನವರೆಗೂ ನಡೆಯುತ್ತಿದೆ.

ವಾಲ್ವಿಗೆ ನೂರಕ್ಕೂ ಮೀರಿದ ವೋಲ್ಟು ಬೇಕು. ಅದಕ್ಕೆ ಬೇರೆ ಡಬ್ಬಿ, ಬೇರೆ ಎಚ್ಚರ. ಕರೆಂಟು ಇರುವಾಗ ಮುಟ್ಟುವುದಾದರೆ ಎಡಗೈ ಬೆನ್ನ ಹಿಂದೆ ಇರಬೇಕೆಂದು ಅವರ ಕಟ್ಟುನಿಟ್ಟು. ಎರಡು ಕೈಯೂ ತಾಗಿದರೆ ಕರೆಂಟು ಎದೆಯ ಮೂಲಕ ಹಾಯುತ್ತದಂತೆ. ನಾನು ಎಡಗೈಯನ್ನು ಬೆನ್ನ ಹಿಂದೆ ಸೆರಗಿನಲ್ಲಿ ಸುತ್ತಿಕೊಂಡು ಕೂರುತ್ತಿದ್ದೆ. ಒಳಗೆ ಒಂದು ಜಾಗವಿತ್ತು. ಬಿಲ್ಲೆಯಿಂದ ವಾಲ್ವಿಗೆ ಹೋಗುವ ಒಂದಂಗುಲ ತಂತಿ, ಪಕ್ಕದಲ್ಲಿ ಗಾಜಿನ ಕೊಳವೆಯಂಥ ರೆಸಿಸ್ಟರು, ಅವೆರಡನ್ನೂ ಹಿಡಿದಿರುವ, ಕರೆಂಟು ಹಾಯಗೊಡದ ಬಿಳಿಯ ಗಟ್ಟಿ. ಅಲ್ಲಿಗೆ ಬಂದಾಗ ಮಾತ್ರ ಅವರ ದನಿ ತಗ್ಗುತ್ತಿತ್ತು.

“ಇದು ಮಡಿ ಮಾಮಿ. ಬೆರಳು ಸೋಕಿದರೆ ಮೈಲಿಗೆ. ಬೆವರು, ಎಣ್ಣೆ, ಧೂಳು, ಮದರಾಸಿನ ಹಸಿ ಗಾಳಿ, ಎಲ್ಲ ಮೈಲಿಗೆ. ಇಲ್ಲಿ ಕೂದಲೆಳೆಯಷ್ಟು ಹಸಿ ಇದ್ದರೂ ಧ್ವನಿ ಅಲ್ಲೇ ಸೋರಿಹೋಗುತ್ತದೆ.”

“ನಮ್ಮತ್ತೆ ಕೈಕೆಳಗೆ ಮೂವತ್ತು ವರ್ಷ ಮಡೀಲಿ ಅಡಿಗೆ ಮಾಡಿದವಳು ನಾನು. ನನಗೆ ಹೇಳ್ಬೇಡಿ” ಎಂದು ಚಿಮಟ ತೆಗೆದುಕೊಂಡೆ. ಉಸಿರು ಬಿಗಿಹಿಡಿದು, ಬೆರಳು ಸೋಕಿಸದೆ ಅಲ್ಲಿನ ಮೂರು ಬೆಸುಗೆ ಹಾಕಿದೆ. ಮೂರೂ ಮಿನುಗಿದವು. ಅವರು ಭೂತಗನ್ನಡಿ ಹಿಡಿದು ನೋಡಿ ಏನೂ ಬೈಯಲಿಲ್ಲ. ಅವರ ಬಾಯಿಂದ ಬಂದ ದೊಡ್ಡ ಹೊಗಳಿಕೆ ಅದೇ.

ಮಹಾಲಯದ ಹೊತ್ತಿಗೆ ಮೊದಲ ಬಾರಿ ಸ್ವಿಚ್ ಹಾಕಿದೆವು. ಗುಂಯ್ ಎಂದು ಜೇನುಗೂಡಿಗೆ ಕಲ್ಲೆಸೆದ ಹಾಗೆ ಸದ್ದು. ಅವರು ಒಂದು ನಿಮಿಷ ಕೇಳಿ, “ಅರ್ತ್ ತಂತಿಯನ್ನು ಎರಡು ಕಡೆ ಸೇರಿಸಿದ್ದೀರಿ. ಒಂದು ಹೆಣ್ಣಿಗೆ ಎರಡು ತವರುಮನೆ ಇದ್ದರೆ ಜಗಳ ಅಲ್ವಾ? ಒಂದನ್ನು ಬಿಡಿಸಿ” ಎಂದರು. ಬಿಡಿಸಿದೆ. ಸದ್ದು ನಿಂತಿತು. ಇನ್ನು ಒಂದೆರಡು ತಂತಿ ಅಚ್ಚುಕಟ್ಟು ಮಾಡಿ ಮುಚ್ಚಳ ಹಾಕುವುದಷ್ಟೇ ಬಾಕಿ ಎನ್ನುವಾಗ ಆಯುಧಪೂಜೆ ಬಂತು.

ಅವತ್ತು ನಾನು ತಲೆಗೆ ನೀರು ಹಾಕಿಕೊಂಡು, ಗಂಧ ತೇಯ್ದು, ಕುಂಕುಮದ ಬಟ್ಟಲು ಹಿಡಿದು ಕೆಳಗಿಳಿದೆ. ಕಾವಲಿಯ ಮೇಲಿನ ದೋಸೆಯಷ್ಟೇ ಮುತುವರ್ಜಿಯಿಂದ ಸಾಲ್ಡರ್ ಕಡ್ಡಿ, ಮೀಟರು, ಇಕ್ಕಳ, ಸ್ಕ್ರೂಡ್ರೈವರುಗಳಿಗೆಲ್ಲ ಗಂಧ ಕುಂಕುಮ ಇಟ್ಟೆ. ಕಡೆಗೆ ಮೈಕು. ಅದು ಹೊಟ್ಟೆ ತೆರೆದುಕೊಂಡು ಮಲಗಿತ್ತು.

“ಇದಕ್ಕೆ ಎಲ್ಲಿಡ್ಲಿ?”

ಅವರು ಕೈಮುಗಿದು ನಿಂತಿದ್ದರು. ಕಣ್ಣು ತುಂಬಿತ್ತು. “ಜೀವ ಎಲ್ಲುಂಟೋ ಅಲ್ಲೇ ಇಡಿ” ಎಂದರು.

ಬಿಳಿ ಗಟ್ಟಿ ಕಂಡಿತು. ಹಣೆಯ ಹಾಗೇ ಇತ್ತು. ಮಧ್ಯಕ್ಕೆ ಸರಿಯಾಗಿ ಗಂಧದ ಬೊಟ್ಟು, ಅದರ ಮೇಲೆ ಕುಂಕುಮ ಇಟ್ಟು ಮಂಗಳಾರತಿ ಮಾಡಿದೆ. ಮೂರು ತಿಂಗಳು ಬೆರಳು ಸೋಕಿಸಬೇಡಿ ಎಂದು ಬೊಬ್ಬೆ ಹೊಡೆದವರೂ, ಮೂವತ್ತು ವರ್ಷದ ಮಡಿಯ ಜಂಬ ಕೊಚ್ಚಿದವಳೂ ಸೇರಿ ಮಾಡಿದ ಕೆಲಸ ಅದು. ಮರುದಿನ ವಿಜಯದಶಮಿಗೆ ಮುಚ್ಚಳ ಹಾಕಿ, ಮೂತಿ ಕೂಡಿಸಿ, ಸ್ವಿಚ್ ಹಾಕಿದೆವು.

ಚಟಪಟ, ಚಟಪಟ. ಹಪ್ಪಳ ಕರಿದ ಹಾಗೆ. ನಡುವೆ ಎಲ್ಲೋ ಬಾವಿಯ ತಳದಿಂದ ನನ್ನ ದನಿ.

ಒಂದು ವಾರ ಹುಡುಕಿದೆವು. ಕರೆಂಟಿನ ಡಬ್ಬಿ ಬಿಚ್ಚಿದೆವು, ಉದ್ದ ವೈರು ಬದಲಿಸಿದೆವು, ಹೊರಗಿನ ಬೆಸುಗೆಗಳನ್ನೆಲ್ಲ ಮತ್ತೆ ಹಾಕಿದೆ. ಮೈಕಿನ ಒಡಲನ್ನು ಮಾತ್ರ ತೆರೆಯಲಿಲ್ಲ. ಪೂಜೆ ಮಾಡಿ ಮುಚ್ಚಿದ್ದಲ್ಲವೆ, ಅದರಲ್ಲಿ ತಪ್ಪಿರಲು ಸಾಧ್ಯವೇ ಇಲ್ಲ ಎಂದು ಇಬ್ಬರಿಗೂ ನಂಬಿಕೆ. ದೀಪಾವಳಿಗೆ ಹತ್ತೇ ದಿನ ಉಳಿಯಿತು. ಆ ಮಧ್ಯಾಹ್ನ ಅವರು ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟು, ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು.

“ವಾಲ್ವು ಹೋಗಿದೆ ಮಾಮಿ. ಇದ್ದದ್ದು ಒಂದೇ. ಆ ಎಂಜಿನಿಯರ್ ಹೊಡೆದದ್ದು ಸರಿಯೇ ಇತ್ತು ಕಾಣಿ. ಇದು ನನ್ನಂಥವನು ಮುಟ್ಟುವ ವಸ್ತು ಅಲ್ಲ. ಮಗಳಿಗೆ ಒಂದು ಫೋನ್ ಮಾಡಿ, ನಾಳೆಯೇ ಬಂದು ಕರಕೊಂಡು ಹೋಗಲಿ.”

ಅವರನ್ನು ಹಾಗೆ ನಾನು ಎಂದೂ ಕಂಡಿರಲಿಲ್ಲ. ನನಗೆ ಅಳು ಬರುವ ಬದಲು ರೇಗಿತು. “ಮೂಸಿದ್ರಾ?” ಎಂದೆ.

“ಎಂತ?”

“ಮೂಗು ಮೊದಲು, ಮೀಟರ್ ಆಮೇಲೆ ಅಂತ ಊರಿಗೆಲ್ಲ ಹೇಳ್ತೀರಲ್ಲ. ಒಂದು ವಾರದಿಂದ ಮೀಟರೇ ಹಿಡ್ಕೊಂಡಿದ್ದೀರಿ. ಇದನ್ನ ಮೂಸಿದ್ರಾ?”

ನಾನೇ ಸ್ವಿಚ್ ತೆಗೆದು, ಅವರು ಕಲಿಸಿದಷ್ಟು ಹೊತ್ತು ಕಾದು, ಮುಚ್ಚಳ ಬಿಚ್ಚಿ ಅವರ ಮೂಗಿನ ಕೆಳಗೆ ಹಿಡಿದೆ. ಕಣ್ಣು ಮುಚ್ಚಿ ಉಸಿರೆಳೆದರು. ಹುಬ್ಬು ಮೇಲೇರಿತು. ಮತ್ತೊಮ್ಮೆ ಎಳೆದರು.

“ದೇವಸ್ಥಾನ” ಎಂದರು.

ವಾಲ್ವಿನ ಬಿಸಿಗೆ ಗಂಧ ಘಮಘಮ ಎನ್ನುತ್ತಿತ್ತು. ನಾನು ಒಳಗೆ ಇಣುಕಿದೆ. ನಾನಿಟ್ಟ ಬೊಟ್ಟು, ಇಲ್ಲಿಯವರ ಐಪ್ಪಸಿ ತಿಂಗಳ ಮಳೆಯ ಥಂಡಿಗೆ ಇನ್ನಷ್ಟು ಹಸಿಯಾಗಿ, ಮಡಿಯ ಜಾಗದ ನಟ್ಟನಡುವೆ ಸೌಭಾಗ್ಯವತಿಯ ಹಾಗೆ ಮೆರೆಯುತ್ತಿತ್ತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ಬಂತು ನಗು. ನಿಲ್ಲಲಿಲ್ಲ. ಎದುರಿನ ಟೈಲರು ಹೊರಗೆ ಬಂದು ನೋಡಿದ. ಮೇಲಿನಿಂದ ಯಜಮಾನರು, “ಏನಾಯ್ತೇ, ಶಾಕ್ ಹೊಡೀತಾ?” ಎಂದು ಕೂಗಿದರು.

ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ನಾಲ್ಕು ಸಲ ಒರೆಸಿದೆ. ಸಂಡಿಗೆ ಡಬ್ಬಿಯೊಳಗೆ ಸಣ್ಣ ಬಲ್ಬು ಉರಿಸಿ ಎರಡು ದಿನ ಅದರಲ್ಲಿ ಒಣಗಿಸಿದೆವು. ಮೂರನೆಯ ದಿನ ಸ್ವಿಚ್ ಹಾಕಿ, ವಾಲ್ವು ಬಿಸಿಯಾಗಲೆಂದು ಕಾದು, ಅವರು ಹೆಡ್‌ಫೋನು ಹಾಕಿಕೊಂಡರು. ನಾನು ಹಾಡಿದೆ. ಒಂದು ಸಾಲು, ಎರಡು ಸಾಲು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಪೂರ್ತಿ ಹಾಡು ಮುಗಿದ ಮೇಲೆ ಹೆಡ್‌ಫೋನನ್ನು ಮೆಲ್ಲಗೆ ತೆಗೆದು ನನ್ನ ತಲೆಗೆ ಹಾಕಿ, ಮೈಕಿನ ಹತ್ತಿರ ಬಗ್ಗಿ ಹೇಳಿದರು:

“ಮಾತಾಡ್ತದೆ ಮಾಮಿ.”

ಅಷ್ಟು ವರ್ಷ ಕೇಳಿದ ದನಿಯನ್ನು ಅವತ್ತೇ ಮೊದಲು ಕೇಳಿದ ಹಾಗಾಯಿತು.

ಮೈಕನ್ನು ನನ್ನ ರೇಷ್ಮೆ ಸೀರೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು, ಆಟೋದಲ್ಲಿ ಕೋಡಂಬಾಕ್ಕಂಗೆ ಹೊರಟೆವು. ಮಂಡಳಿಯ ಹೆಂಗಸರು ಹಿಂದಿನ ಆಟೋಗಳಲ್ಲಿ. ಸೌಂಡ್ ಎಂಜಿನಿಯರ್ ಫಿಲ್ಟರನ್ನು ನೋಡಿ ತುಟಿ ಕಚ್ಚಿ ನಗು ತಡೆದುಕೊಂಡ. ದೊಡ್ಡವರ ಮನಸ್ಸು ನೋಯಿಸಬಾರದೆಂದು ವೈರು ಸಿಕ್ಕಿಸಿದ. ನಾನು ಹಾಡಿದೆ. ಗಾಜಿನ ಆಚೆ ಅವನು ಕುರ್ಚಿಯಲ್ಲಿ ಒರಗಿದ್ದವನು ನೆಟ್ಟಗೆ ಕೂತ. ಹೆಡ್‌ಫೋನನ್ನು ಎರಡು ಕೈಯಲ್ಲಿ ಒತ್ತಿ ಹಿಡಿದ. ಹಾಡು ಮುಗಿದ ಮೇಲೆ ಬಾಗಿಲು ತೆಗೆದು ಒಳಗೆ ಬಂದು, “ಎಂದ ಕಂಪನಿ ಸಾರ್ ಇದು?” ಎಂದು ಕೇಳಿದ.

ಯಾವ ಕಂಪನಿ ಎಂದು ಕೇಳಿದವನಿಗೆ ರೇಡಿಯೋ ಮಾಮ ಹೇಳಿದರು, “ವೆಸ್ಟ್ ಮಾಂಬಲಂ.”

ಅವನು ಮೈಕಿನ ಸುತ್ತ ಒಂದು ಸುತ್ತು ಬಂದ. ಸ್ಕ್ರೂ ಕಡೆ ನೋಡಿ, ಕೈ ಹಿಂದಕ್ಕೆಳೆದುಕೊಂಡು, ತೆರೆದು ನೋಡಬಹುದೇ ಎಂದು ಸಂಕೋಚದಿಂದ ಕೇಳಿದ. ರೇಡಿಯೋ ಮಾಮ ಜೇಬಿನಿಂದ ತಮ್ಮ ಸ್ಕ್ರೂಡ್ರೈವರು ತೆಗೆದು ಅವನ ಅಂಗೈಯಲ್ಲಿಟ್ಟರು.

“ತಾರಾಳಮಾ ಪಾರುಂಗೊ. ನೋಡಲಿಕ್ಕೆ ಅಲ್ವಾ ಮಾಡಿದ್ದು?”

ಅವತ್ತು ನಾನು ಗೋಡೆಯ ಹತ್ತಿರ ನಿಲ್ಲಲಿಲ್ಲ. ಎಲ್ಲರಿಗಿಂತ ಮುಂದೆ, ಫಿಲ್ಟರಿಗೆ ಮುಖ ಕೊಟ್ಟು ನಿಂತು ಹನ್ನೊಂದು ಹಾಡು ಹಾಡಿದೆ. ರೇಡಿಯೋ ಮಾಮ ಗಾಜಿನ ಆಚೆ, ದೊಡ್ಡ ಎಂಜಿನಿಯರುಗಳು ಕೂರುವ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಕೈ ನಡುಗುತ್ತಿತ್ತು. ತಾಳ ಹಾಕುತ್ತಿದ್ದಾರೆಂದು ಅಲ್ಲಿದ್ದವರೆಲ್ಲ ತಿಳಿದರು.

ಕೊಟ್ಟ ಮಾತಿನಂತೆ ದೀಪಾವಳಿಗೆ ಅವರೇ ಬೀಗ ಹಾಕಿ ಮಣಲಿಗೆ ಹೋದರು. ಹೋದಲ್ಲೆಲ್ಲ ಆ ಹಾಡುಗಳನ್ನು ಫೋನಿನಲ್ಲಿ ಹಾಕಿ, ಕೇಳುವವರು “ಯಾರು ಹಾಡಿದ್ದು?” ಎಂದರೆ “ಅದನ್ನು ಬಿಡಿ, ಮೈಕು ಕೇಳಿ” ಎನ್ನುತ್ತಿದ್ದರಂತೆ. ಮಗಳೇ ಹೇಳಿದಳು. ಚೈತ್ರದಲ್ಲಿ ಒಂದು ದಿನ ಊಟ ಮಾಡಿ ಮಲಗಿದವರು ಏಳಲಿಲ್ಲ. ಹದಿಮೂರನೆಯ ದಿನ ಕಳೆದ ಮೇಲೆ ಅವಳು ವೆಸ್ಟ್ ಮಾಂಬಲಮ್ಮಿಗೆ ಬಂದು, ಅಪ್ಪ ಹೇಳಿಟ್ಟಿದ್ದಾರೆಂದು ಸಾಲ್ಡರ್ ಕಡ್ಡಿಯನ್ನೂ ಮೀಟರನ್ನೂ ನನ್ನ ಕೈಗೆ ಕೊಟ್ಟು ಹೋದಳು.

ಆಷಾಢದಲ್ಲಿ ಸೌಂಡ್ ಎಂಜಿನಿಯರ್ ಫೋನು ಮಾಡಿದ. ಸ್ಟುಡಿಯೋಗೆ ಅಂಥದೇ ಒಂದು ಬೇಕು, ಸಾರ್ ಮಾಡಿಕೊಡುವರೇ ಎಂದು. ಅವರಿಲ್ಲ ಎಂದೆ. ಅವನು “ಸಾರಿ ಪಾಟಿ” ಎಂದು ಫೋನಿಡಲು ಹೊರಟ. “ಅವರಿಲ್ಲ, ಆದ್ರೆ ಮೈಕ್ ಆಗುತ್ತೆ” ಎಂದೆ.

ಈ ಸಲ ಊಟದ ಮೇಜೇ ಅಂಗಡಿ. ಅಂಥದೇ ಇನ್ನೊಂದು ವಾಲ್ವನ್ನು ಮೊಮ್ಮಗಳು ಪರದೇಶದಲ್ಲಿ ಹುಡುಕಿ, ಒಂದು ತಿಂಗಳು ಕಾದು ತರಿಸಿಕೊಟ್ಟಳು. ಯಜಮಾನರು ಟಾರ್ಚು ಹಿಡಿದು, ರೆಸಿಸ್ಟರುಗಳ ಬಣ್ಣದ ಪಟ್ಟೆಗಳನ್ನು ಓದಿ ಹೇಳುವ ಕೆಲಸಕ್ಕೆ ಸೇರಿದರು. ಎರಡು ತಿಂಗಳಾಯಿತು. ಮೊನ್ನೆ ಮಧ್ಯಾಹ್ನ ಅವರಿಗೆ ಹೆಡ್‌ಫೋನು ಹಾಕಿ ಹಜಾರದಲ್ಲಿ ಕೂರಿಸಿ, ಉದ್ದ ವೈರೆಳೆದು, ಮೈಕನ್ನು ಕೋಣೆಯಲ್ಲಿಟ್ಟು ಬಾಗಿಲು ಹಾಕಿಕೊಂಡೆ. ಸ್ವಿಚ್ ಒತ್ತಿದೆ. ಗುಂಯ್ ಇಲ್ಲ, ಚಟಪಟ ಇಲ್ಲ. ವಾಲ್ವು ಕೆಂಪಾಯಿತು.

“ಕೇಳಿ ರೇಡಿಯೋ ಮಾಮ,” ಎಂದೆ ಮೈಕಿಗೆ. “ನಿಮ್ಮದು ಎರಡು ಸಲ ಕೈಕೊಟ್ಟ ಮೇಲೆ ಮಾತಾಡ್ತು. ನಂದು ಮೊದಲ ಸಲಕ್ಕೇ ಮಾತಾಡ್ತಿದೆ. ಈಗ ಬೈಯಿರಿ ನೋಡೋಣ.”

ಸ್ವಲ್ಪ ಹೊತ್ತು ಕಾದು ಬಾಗಿಲು ತೆರೆದೆ. ಯಜಮಾನರು ಹೆಡ್‌ಫೋನು ಒತ್ತಿ ಹಿಡಿದುಕೊಂಡೇ ಕೂತಿದ್ದರು.

“ಕೇಳಿಸ್ತಾ?”

“ಎಲ್ಲಾ ಕೇಳಿಸ್ತು ಕಣೇ,” ಎಂದರು. “ನೀನು ಸೆರಗಲ್ಲಿ ಕಣ್ಣೊರೆಸಿಕೊಂಡಿದ್ದೂ.”